ತೊಂಬತ್ತೆರಡು ಗ್ರಾಂ ಒಬ್ಬಟ್ಟು

ಹೂಂ ಅನ್ನಿ, ಹೇಳುತ್ತೇನೆ. ಹೂಂ ಅನ್ನುವುದು ನಿಂತರೆ ಕತೆಯೂ ನಿಂತಿತು.

ಸಣ್ಣತಾಯಮ್ಮ ಅಂತ ಒಬ್ಬಳು. ಅವಳಿಗೆ ಒಬ್ಬನೇ ಮಗ, ನಿಂಗರಾಜ. ಒಬ್ಬನೇ ಸಾಕಪ್ಪಾ ದೇವರೇ, ಇನ್ನೊಬ್ಬ ಬೇಡ ಅನ್ನಿಸುವಂಥ ಮಗ. ವಯಸ್ಸು ಇಪ್ಪತ್ತೆಂಟು. ಆಳು ಗಟ್ಟಿ, ಮನಸ್ಸು ಹಾಲು, ಸುಳ್ಳು ಅಂದರೇನು ಅಂತಲೇ ಗೊತ್ತಿಲ್ಲ. ಆದರೆ ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಕಷ್ಟ ಇದ್ದದ್ದೇ ಅಲ್ಲಿ. ಒಂದು ಸಲ, "ಹಸ ನೀರು ಕುಡಿಯೋ ತನಕ ಹಗ್ಗ ಬಿಡಬೇಡ ಕಣೋ" ಅಂದಿದ್ದಳು ತಾಯಿ. ಹಸುವಿಗೆ ಬಾಯಾರಿಕೆ ಇರಲಿಲ್ಲ. ಮಾರನೆಯ ಬೆಳಗಿನ ತನಕ ಹಗ್ಗ ಹಿಡಿದು ಕೆರೆಯಲ್ಲೇ ನಿಂತಿದ್ದ!

ಇಂಥ ಮಗನ ಕೈಗೆ ಸಣ್ಣತಾಯಮ್ಮನ ಜೀವ ಬಂತು. ಹೇಗೆ ಬಂತು? ಅವಳಿಗೆ ಸಕ್ಕರೆ ಕಾಯಿಲೆ. ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಕಣ್ಣು ಮಂಜಾಗಿ ಅಂಕಿ ಕಾಣುತ್ತಿರಲಿಲ್ಲ. ಹೋದ ವರ್ಷ ಅಕ್ಕ ದೊಡ್ಡತಾಯಮ್ಮನ ಗೃಹಪ್ರವೇಶದಲ್ಲಿ ಅಂದಾಜಿನ ಮೇಲೆ ಚುಚ್ಚಿಕೊಂಡಳು. ಎಲೆಯ ಮುಂದೆಯೇ ದೊಪ್ಪೆಂದು ಬಿದ್ದಳು! ಊಟ ಬಿಟ್ಟು ಊರೆಲ್ಲ ಎದ್ದಿತು.

ಈಗ ಅದೇ ಅಕ್ಕನ ಮಗಳು ಪವಿತ್ರಳ ಮದುವೆ. ಇನ್ನು ಎಂಟೇ ದಿನ. ಅಕ್ಕ ಖಂಡಿತವಾಗಿ ಹೇಳಿಬಿಟ್ಟಳು: "ಬಾ ಸಣ್ಣಿ, ಬೇಡ ಅನ್ನಲ್ಲ. ಆದ್ರೆ ಈ ಸಲವೂ ಬಿದ್ದೆ ಅಂದ್ರೆ ಇನ್ನು ನನ್ನ ಹೊಸ್ತಿಲು ತುಳೀಬೇಡ!"

ಪವಿತ್ರ ಅಂದರೆ ಸಣ್ಣತಾಯಮ್ಮ ಸೊಂಟದ ಮೇಲೆ ಹೊತ್ತು ಬೆಳೆಸಿದ ಮಗು. ಅವಳ ಮದುವೆಯ ಪಂಕ್ತಿಯಲ್ಲಿ ಕೂರಬೇಕು. ಒಂದೇ ಒಂದು ಒಬ್ಬಟ್ಟು ತಿನ್ನಬೇಕು. ಬೀಳಬಾರದು. ಅವಳ ಆಸೆ ಇಷ್ಟೇ.

ತಾಯಿ ಮಗ ಇಬ್ಬರೂ ತಾಲ್ಲೂಕು ಆಸ್ಪತ್ರೆಗೆ ಹೋದರು. ಅಲ್ಲಿ ಫಿಲೋಮಿನಾ ಸಿಸ್ಟರ್. ಕಡ್ಡಿ ಮುರಿದ ಹಾಗೆ ಮಾತಾಡುವ ಹೆಂಗಸು.

"ಒಬ್ಬಟ್ಟು ತಾನೇ? ತಿನ್ನಿ! ಆದ್ರೆ ಅಂದಾಜು ಬೇಡ, ಲೆಕ್ಕ ಬೇಕು," ಅಂದರು. ಒಂದು ಪುಟ್ಟ ತಕ್ಕಡಿ ಕೊಟ್ಟರು, ಮೇಲೆ ಇಟ್ಟರೆ ಗ್ರಾಂ ತೋರಿಸುವಂಥದು. ಒಂದು ಪಟ್ಟಿ ಕೊಟ್ಟರು. ಒಂದು ಇನ್ಸುಲಿನ್ ಪೆನ್ನು ಕೊಟ್ಟರು. ರಕ್ತದ ಸಕ್ಕರೆ ನೋಡುವ ಒಂದು ಪುಟ್ಟ ಯಂತ್ರ ಕೊಟ್ಟರು. ಒಂದು ಪುಸ್ತಕ ಕೊಟ್ಟರು. "ನೋಡಪ್ಪ ನಿಂಗರಾಜ, ಊಟದಲ್ಲಿ ಸಕ್ಕರೆಯಾಗೋ ಅಂಶಕ್ಕೆ ಕಾರ್ಬು ಅಂತೀವಿ. ತೂಗು. ಪಟ್ಟಿ ನೋಡು. ಕಾರ್ಬು ಎಣಿಸು. ನಿಮ್ಮವ್ವನಿಗೆ ಹತ್ತು ಕಾರ್ಬಿಗೆ ಒಂದು ಯೂನಿಟ್. ಪೆನ್ನಿನ ತಿರುಪು ತಿರುಗಿಸು, ಒಂದು ಯೂನಿಟ್ಟಿಗೆ ಒಂದು ಟಿಕ್. ಆಮೇಲೆ ಏನಾಯ್ತೋ ಅದನ್ನ ಹಂಗೇ ಪುಸ್ತಕದಲ್ಲಿ ಬರಿ."

"ಯಾವುದನ್ನ ತೂಗ್ಲಿ ಸಿಸ್ಟರ್?"

"ಅವ್ವನ ಮುಂದೆ ಇಡೋದನ್ನೆಲ್ಲಾ ತೂಗು."

"ಎಲ್ಲಾ?"

"ಎಲ್ಲಾ!"

ಸರಿ. ಮಧ್ಯಾಹ್ನ ಮುದ್ದೆ ಬಂತು. ನಿಂಗರಾಜ ತೂಗಿದ. ಪಟ್ಟಿ ನೋಡಿದ. ಎಣಿಸಿದ. ಪೆನ್ನು ತಿರುಗಿಸಿದ. ಟಿಕ್, ಟಿಕ್, ಟಿಕ್...

ಸಣ್ಣತಾಯಮ್ಮನ ಕಣ್ಣು ಮಂಜು, ಕಿವಿ ಮಂಜಲ್ಲ. ಐದು ಕೇಳಿತು. ಆರು ಕೇಳಿತು. ಹತ್ತು ದಾಟಿತು, ಹದಿನೈದು ದಾಟಿತು, ಟಿಕ್ ನಿಲ್ಲಲೇ ಇಲ್ಲ!

"ನಿಲ್ಸೋ! ನಿಲ್ಸೋ! ಎಷ್ಟೋ ಅದು?"

"ಹದಿನೆಂಟು ಕಣವ್ವ! ಆರುನೂರು ಗ್ರಾಂ ಬಂತಲ್ಲ!"

"ಆರುನೂರು ಗ್ರಾಂ ಮುದ್ದೆ ನುಂಗಕ್ಕೆ ನಾನೇನು ರಾಕ್ಷಸೀನಾ?"

"ಮುದ್ದೆ ಇನ್ನೂರು. ಕಂಚಿನ ತಟ್ಟೆ ನಾನೂರು. ಮುಂದೆ ಇಡೋದನ್ನೆಲ್ಲಾ ತೂಗು ಅಂದ್ರಲ್ಲ ಸಿಸ್ಟರು!"

"ಅಯ್ಯೋ ನನ್ನ ಹಣೆಬರಹವೇ! ತಟ್ಟೆ ತಿಂತೀನೇನೋ? ತಟ್ಟೆ ಬಿಟ್ಟು ತೂಗಬೇಕು ಕಣೋ! ತಿನ್ನೋದನ್ನ ಮಾತ್ರ ಇಡು!"

"ಆಗ್ಲಿ ಕಣವ್ವ. ಇನ್ಮೇಲೆ ಹಂಗೇ ಮಾಡ್ತೀನಿ."

ಹಾಗೇ ಮಾಡಿದ. ಮಾರನೆಯ ದಿನ ಅನ್ನ, ಸೊಪ್ಪಿನ ಸಾರು. ತಟ್ಟೆ ಬಿಟ್ಟ. ತಕ್ಕಡಿಯ ಮೇಲೆ ಅನ್ನ ಇಟ್ಟ. ಅನ್ನದ ಮೇಲೆ ಸಾರು ಸುರಿದ! ಸಾರು ತಕ್ಕಡಿ ಹತ್ತಿತು, ತಕ್ಕಡಿ ಇಳಿಯಿತು, ಚಾಪೆ ಹಿಡಿಯಿತು, ಸಣ್ಣತಾಯಮ್ಮನ ಕಾಲಬೆರಳಿಗೆ ಬಂದು ಬಿಸಿ ಮುಟ್ಟಿಸಿತು.

"ಅಯ್ಯಯ್ಯೋ! ಏನೋ ಇದು?"

"ಸಾರು ಕಣವ್ವ! ತಟ್ಟೆ ಬಿಟ್ಟು ತೂಗು ಅಂದ್ಯಲ್ಲ! ಆದ್ರೆ ಅಂಕಿ ಒಂದು ಕಡೆ ನಿಲ್ತಾನೇ ಇಲ್ಲ!"

"ನಿಂಗೆ ಬುದ್ಧಿ ಯಾವಾಗ ಬರೋದೋ? ಅದಕ್ಕೆ ಒದ್ದೆ ತಾಕಬಾರದು ಕಣೋ! ಒಣಗಿರೋದನ್ನ ಮಾತ್ರ ಇಡಬೇಕು!"

"ಆಗ್ಲಿ ಕಣವ್ವ. ಇನ್ಮೇಲೆ ಹಂಗೇ ಮಾಡ್ತೀನಿ."

ತಕ್ಕಡಿಯನ್ನು ಒರೆಸಿ ಬಿಸಿಲಿಗಿಟ್ಟರು, ಹೆಂಗೋ ಜೀವ ಬಂತು. ಮೂರನೆಯ ದಿನ ಬೆಳಗ್ಗೆ ಇಡ್ಲಿ. ಎಂಟು ಗಂಟೆಯಾಯಿತು, ಇಡ್ಲಿ ಇಲ್ಲ. ಹತ್ತಾಯಿತು, ಇಡ್ಲಿ ಇಲ್ಲ. ಹನ್ನೊಂದಕ್ಕೆ ಸಣ್ಣತಾಯಮ್ಮ ಗೋಡೆ ಹಿಡಿದುಕೊಂಡು ಅಂಗಳಕ್ಕೆ ಬಂದು ಕೂಗಿದಳು: "ಲೋ! ಇಡ್ಲಿ ಎಲ್ಲೋ?"

"ಮಾಳಿಗೆ ಮೇಲೆ ಅದೆ ಕಣವ್ವ!"

"ಮಾಳಿಗೆ ಮೇಲ್ಯಾಕೋ?"

"ಹಬೆ ಆಡ್ತಿತ್ತು, ಒದ್ದೆ ಇತ್ತು. ಸಂಡಿಗೆ ಪಕ್ಕ ಒಣಗಾಕಿದೀನಿ. ಒಂದು ಮಗ್ಗುಲು ಒಣಗ್ಯದೆ! ನಾಲ್ಕರಲ್ಲಿ ಎರಡನ್ನ ಕಾಗೆ ತಗೊಂಡೋಯ್ತು. ಅದನ್ನೂ ಬರ್ದಿದೀನಿ, 'ಕಾಗೆಗೆ ಎರಡು' ಅಂತ."

ಸಣ್ಣತಾಯಮ್ಮ ಅಲ್ಲೇ ಕುಸಿದು ಕೂತಳು. ಉಳಿದ ಎರಡು ಇಡ್ಲಿ ಎಸೆದರೆ ನಾಯಿ ಸಾಯುವಷ್ಟು ಗಟ್ಟಿಯಾಗಿದ್ದವು.

"ಹಸಿದು ಪ್ರಾಣ ಹೋಗ್ತಾ ಅದಲ್ಲೋ! ಎಣಿಸಿದ್ದು ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಹೋಗಬೇಕು! ಒಂದು ಗಳಿಗೆ ತಡ ಆಗಬಾರದು!"

"ಆಗ್ಲಿ ಕಣವ್ವ. ಇನ್ಮೇಲೆ ಹಂಗೇ ಮಾಡ್ತೀನಿ."

ನಾಲ್ಕನೆಯ ದಿನ ಎಲ್ಲ ಸರಿಯಾಗಿತ್ತು! ಮುದ್ದೆ ಇನ್ನೂರು ಗ್ರಾಂ, ಕಾರ್ಬು ಅರವತ್ತು, ಆರು ಟಿಕ್. ಚುಚ್ಚಿದ್ದೂ ಆಯಿತು. ಸಣ್ಣತಾಯಮ್ಮ ಕೈ ತೊಳೆಯಲು ಎದ್ದಳು. ನೋಡಿದರೆ ಹಿತ್ತಿಲಲ್ಲಿ ಪಕ್ಕದ ಮನೆ ಕರು ಅವಳ ಸೀರೆ ಜಗಿಯುತ್ತಿದೆ! ಮದುವೆಗೆ ಅಂತ ಒಗೆದು ಹಾಕಿದ ಸೀರೆ! ಓಡಿದಳು. ಅವಳು ಎಳೆದಳು, ಕರು ಎಳೆಯಿತು. ಅಂತೂ ಬಿಡಿಸಿಕೊಂಡು ಏದುಸಿರು ಬಿಡುತ್ತ ಬಂದರೆ ತಟ್ಟೆ ಬರಿದು.

"ಮುದ್ದೆ ಎಲ್ಲೋ?"

"ಹೊಟ್ಟೆಗೆ ಹೋಯ್ತು ಕಣವ್ವ! ಒಂದು ಗಳಿಗೆ ತಡ ಆಗಿಲ್ಲ!"

"ಯಾರ ಹೊಟ್ಟೆಗೋ?"

"ನನ್ ಹೊಟ್ಟೆಗೆ! ನಿನ್ ಹೊಟ್ಟೆ ಹಿತ್ತಿಲಲ್ಲಿತ್ತಲ್ಲ!"

ಬೈಯಲೂ ಪುರುಸೊತ್ತಿಲ್ಲ. ಚುಚ್ಚಿದ್ದು ಒಳಗೆ ಕೆಲಸ ಶುರು ಮಾಡಿತ್ತು. ಕೈ ನಡುಗಿತು, ಹಣೆ ಬೆವೆತಿತು, ಅಂಗಳ ಗಿರ್ರಂತ ತಿರುಗಿತು.

"ಬೆಲ್ಲ! ಬೆಲ್ಲ ತತ್ತಾರೋ, ಬೇಗ!"

ಓಡಿದ. ಡಬ್ಬಿ ತೆಗೆದ. ತಂದ. ಬಾಯಿಗೆ ಕೊಟ್ಟನೇ? ಇಲ್ಲ! ತಕ್ಕಡಿಗೆ ಇಟ್ಟ!

"ಹತ್ತೊಂಬತ್ತು ಗ್ರಾಂ ಅವ್ವಾ! ಪಟ್ಟೀಲಿ ತಲೆ ಸುತ್ತಿದ್ರೆ ಹದಿನೈದು ಅಂತ ಅದೆ! ನಾಲ್ಕು ಜಾಸ್ತಿ!" ಅಂದು ಒಂದು ಮೂಲೆ ಕಚ್ಚಿ ತಾನೇ ತಿಂದ, ಮತ್ತೆ ತೂಗಿದ. ಸಣ್ಣತಾಯಮ್ಮ ತಕ್ಕಡಿಯ ಮೇಲಿಂದಲೇ ಕಿತ್ತು ಬಾಯಿಗೆ ಹಾಕಿಕೊಂಡಳು. ಅರ್ಧ ಗಂಟೆಯ ಮೇಲೆ ಅಂಗಳ ತಿರುಗುವುದು ನಿಂತಿತು. ಆಮೇಲೆ ನೋಡಿ ಬೈಗುಳ!

"ತಾಯಿ ಬಾಯಿಗೆ ಮಣ್ಣು ಹಾಕೋನೇ! ಕಿವಿಗೊಟ್ಟು ಕೇಳು! ಚುಚ್ಚಿದ ಮೇಲೆ ನನ್ ಊಟ ನನ್ ಬಾಯಿಗೇ ಬರಬೇಕು! ಯಾರ ಹತ್ರ ಇದ್ರೂ ಸರಿ, ಕಿತ್ಕೊಂಡು ಬಾ! ತೂಕ ಹೆಚ್ಚಾಯ್ತಾ? ಹೆಚ್ಚಾದ್ದನ್ನ ಎಲ್ಲಿಂದ ತಂದ್ಯೋ ಅಲ್ಲೇ ವಾಪಸ್ಸು ಇಡು! ನಿನ್ ಬಾಯಿಗೆ ಹಾಕ್ಕೋಬೇಡ!"

"ಆಗ್ಲಿ ಕಣವ್ವ. ಇನ್ಮೇಲೆ ಹಂಗೇ ಮಾಡ್ತೀನಿ."

ಆಮೇಲಿನ ನಾಲ್ಕು ದಿನ ಸಣ್ಣತಾಯಮ್ಮ ತಟ್ಟೆ ಬಿಟ್ಟು ಏಳಲಿಲ್ಲ. ಮದುವೆಯ ದಿನ ಬಂದೇ ಬಂತು.

ಛತ್ರದ ಊಟದ ಮನೆ. ಮಾವಿನೆಲೆ, ಗಲಾಟೆ, ಸೆಕೆ. ಸಣ್ಣತಾಯಮ್ಮ ಕರು ಜಗಿದ ಸೆರಗನ್ನು ಒಳಮಡಚಿ ಪಂಕ್ತಿಯಲ್ಲಿ ಕೂತಳು. ಪಕ್ಕದಲ್ಲಿ ನಿಂಗರಾಜ, ತೊಡೆಯ ಮೇಲೆ ತಕ್ಕಡಿ. ಎದುರು ಸಾಲಿನಲ್ಲಿ ಪವಿತ್ರ, ಅವಳ ಪಕ್ಕ ಮದುಮಗ ಲೋಹಿತ. ಅವರ ಎಲೆಯ ಸುತ್ತ ರಂಗೋಲಿ. ದೊಡ್ಡತಾಯಮ್ಮ ಕಂಬದ ಹತ್ತಿರ ನಿಂತು ತಂಗಿಯ ಮೇಲೆ ಒಂದು ಕಣ್ಣು ಇಟ್ಟಿದ್ದಳು.

"ಒಬ್ಬಟ್ಟು ಬಂತು, ಒಬ್ಬಟ್ಟು!" ಅಂತ ಬಡಿಸುವವನ ಕೂಗು.

ಪಟ್ಟಿಯಲ್ಲಿ ಬರೆದಿತ್ತು: ಒಬ್ಬಟ್ಟು ಎಂಬತ್ತು ಗ್ರಾಂ, ಕಾರ್ಬು ನಲವತ್ತು. ಟಿಕ್, ಟಿಕ್, ಟಿಕ್, ಟಿಕ್. ಸೆರಗಿನ ಮರೆಯಲ್ಲಿ ಚುಚ್ಚಿದ್ದಾಯಿತು. ಒಬ್ಬಟ್ಟು ಬಂತು, ಹತ್ತಿರ ಬಂತು, ಇನ್ನು ಎರಡೇ ಎಲೆ... ಹರಿವಾಣ ಖಾಲಿ!

"ಬೇಯ್ತಾ ಅದೆ ತಾಯಿ, ಐದೇ ನಿಮಿಷ!"

ಐದು ಹತ್ತಾಯಿತು. ಹತ್ತು ಇಪ್ಪತ್ತಾಯಿತು. ಅನ್ನವೂ ಇಲ್ಲ, ಒಬ್ಬಟ್ಟೂ ಇಲ್ಲ. ಎಲೆಯ ಮೇಲೆ ಉಪ್ಪು, ಉಪ್ಪಿನಕಾಯಿ. ಸಣ್ಣತಾಯಮ್ಮನ ಹಣೆ ಬೆವೆತಿತು. ಕೈ ನಡುಗಿತು. ಕಂಬದ ಹತ್ತಿರ ಅಕ್ಕ ಎರಡಾಗಿ ಕಂಡಳು. ಬೀಳಬಾರದು, ಇಲ್ಲಿ ಬೀಳಬಾರದು!

"ನಿಂಗಾ... ಆಗ್ತಿಲ್ಲ ಕಣೋ..."

ನಿಂಗರಾಜ ಎದ್ದ. ಸುತ್ತ ನೋಡಿದ. ಎದುರು ಸಾಲಿಗೆ ನೆಗೆದ. ಮದುಮಗನ ಎಲೆಗೆ ಕೈ ಹಾಕಿ ತುಪ್ಪ ಸುರಿಯುವ ಒಬ್ಬಟ್ಟನ್ನು ಎತ್ತಿಯೇ ಬಿಟ್ಟ!

"ಏಯ್! ಏಯ್! ಯಾರೋ ಅವನು?" ಗಂಡಿನ ಕಡೆಯವರೆಲ್ಲ ಎದ್ದರು. "ಮದುಮಗನ ಎಲೆಗೇ ಕೈ ಹಾಕ್ತಾನಲ್ಲ!"

"ತಾಳ್ಕೊಳ್ಳಿ! ತೂಗಬೇಕು!" ಅಂದ ನಿಂಗರಾಜ. ಅಲ್ಲೇ, ರಂಗೋಲಿಯ ಮೇಲೆ, ತಕ್ಕಡಿ ಇಟ್ಟ. "ತೊಂಬತ್ತೆರಡು! ಹನ್ನೆರಡು ಹೆಚ್ಚು!" ಮುರಿದ, ತೂಗಿದ, ಒಂದು ಚೂರು ಮುರಿದ, ಮತ್ತೆ ತೂಗಿದ. ಎಂಬತ್ತಕ್ಕೆ ನಿಲ್ಲಿಸಿದ. ಮುರಿದ ಚೂರುಗಳನ್ನು ಮದುಮಗನ ಎಲೆಗೆ ವಾಪಸ್ಸು ಜೋಡಿಸಿದ. "ನಿಮ್ಮ ಹನ್ನೆರಡು ಗ್ರಾಂ, ಭಾವ. ಎಣಿಸ್ಕೊಳ್ಳಿ!"

ಓಡಿ ಬಂದು ಉಳಿದದ್ದನ್ನು ತಾಯಿಯ ಬಾಯಿಗೆ ತುರುಕಿದ. ಸಣ್ಣತಾಯಮ್ಮ ಅಗಿದಳು. ಬೆಲ್ಲ, ಏಲಕ್ಕಿ, ತುಪ್ಪ! ಕಣ್ಣು ಮುಚ್ಚಿಕೊಂಡು ಅಗಿದಳು. ಛತ್ರ ಕೂಗಾಡುತ್ತಿತ್ತು, ಅವಳು ಅಗಿಯುತ್ತಿದ್ದಳು. ಪೂರ್ತಿ ಮುಗಿಸಿ, ಸ್ವಲ್ಪ ಹೊತ್ತು ಕೂತು ಕಣ್ಣು ಬಿಟ್ಟರೆ ಕಂಬದ ಹತ್ತಿರ ಅಕ್ಕ ಒಬ್ಬಳೇ ಇದ್ದಳು.

"ಬೀಳಲಿಲ್ಲ ಕಣಕ್ಕಾ!" ಅಂದಳು.

"ನೀನು ಬೀಳಲಿಲ್ಲ, ನನ್ನ ಮಾನ ಬಿತ್ತು!" ಅಂತ ಹಣೆ ಚಚ್ಚಿಕೊಂಡಳು ದೊಡ್ಡತಾಯಮ್ಮ. ಆದರೆ ಅಷ್ಟರಲ್ಲಿ ಪವಿತ್ರ ಕಿಸಕ್ಕನೆ ನಕ್ಕಳು. ಹೆಂಡತಿ ನಕ್ಕಮೇಲೆ ಹೊಸ ಗಂಡ ಏನು ಮಾಡುತ್ತಾನೆ? ಲೋಹಿತನೂ ನಕ್ಕ, ಹನ್ನೆರಡು ಗ್ರಾಮನ್ನು ಬಾಯಿಗೆ ಹಾಕಿಕೊಂಡ. ಕೂಗಾಟ ನಿಂತಿತು.

ಮಾರನೆಯ ದಿನ ಆಸ್ಪತ್ರೆ. ಫಿಲೋಮಿನಾ ಸಿಸ್ಟರ್ ಪುಸ್ತಕ ಓದಿದರು. ತಟ್ಟೆ ಓದಿದರು, ಸಾರು ಓದಿದರು, 'ಕಾಗೆಗೆ ಎರಡು' ಓದಿದರು. ಒಂದೊಂದು ಸಾಲಿಗೂ ಹುಬ್ಬು ಮೇಲೇರಿತು. ಕೊನೆಯ ಸಾಲಿಗೆ ಬಂದರು. 'ಒಬ್ಬಟ್ಟು 92, ಕಳೆದರೆ 12, ಉಳಿದದ್ದು 80. ಭಾವನ ಎಲೆಯಿಂದ. 4 ಟಿಕ್. ಎರಡು ಗಂಟೆ ಬಿಟ್ಟು ಸಕ್ಕರೆ ನೋಡಿದ್ದು, 138.'

"ಭೇಷ್!" ಅಂದರು ಸಿಸ್ಟರ್. ಸಣ್ಣತಾಯಮ್ಮನ ಎದೆ ಹಿಗ್ಗಿತು. ಇಪ್ಪತ್ತೆಂಟು ವರ್ಷದಲ್ಲಿ ಮಗನಿಗೆ ಯಾರೂ ಭೇಷ್ ಅಂದಿರಲಿಲ್ಲ. "ಇನ್ನು ಮೇಲೆ ಊಟ ಎಲೆಗೆ ಬಿದ್ದ ಮೇಲೇ ಚುಚ್ಚಬೇಕು, ಅದೊಂದು ನೆನಪಿಟ್ಕೋ. ಉಳಿದದ್ದೆಲ್ಲಾ ದಿನಾ ಹಿಂಗೇ ಮಾಡು ನಿಂಗರಾಜ. ಒಂದು ಚೂರೂ ಬದಲಾಯಿಸಬೇಡ!"

"ಆಗ್ಲಿ ಸಿಸ್ಟರ್. ದಿನಾ ಹಂಗೇ ಮಾಡ್ತೀನಿ."

ಮರುದಿನ ಮಧ್ಯಾಹ್ನ ಸಣ್ಣತಾಯಮ್ಮ ಮುದ್ದೆ ಕಟ್ಟಿ ಮುಂದಿಟ್ಟುಕೊಂಡು ಕೂತಳು. ಮಗ ಇಲ್ಲ. ತಕ್ಕಡಿ ಇಲ್ಲ. ಪೆನ್ನಿಲ್ಲ, ಪುಸ್ತಕ ಇಲ್ಲ. ಒಂದು ಗಂಟೆಗೆ ಫೋನು ಬಡಿದುಕೊಂಡಿತು.

"ಸಣ್ಣೀ!" ದೊಡ್ಡತಾಯಮ್ಮನ ಕೂಗಿಗೆ ಕಿವಿ ಗುಂಯ್ ಅಂತು. "ಮಗಳನ್ನ ನೋಡಕ್ಕೆ ಅಂತ ಬೀಗರ ಮನೆಗೆ ಬಂದಿದೀನಿ. ನಿನ್ ಮಗ ಇಲ್ಲೇ ಅವ್ನೆ! ಬಸ್ಸು ಹತ್ಕೊಂಡು ಬಂದವ್ನೆ! ತಕ್ಕಡಿ ಹಿಡ್ಕೊಂಡು ಅಳಿಯಂದ್ರ ಎಲೆ ಪಕ್ಕ ನಿಂತವ್ನೆ!"

"ಕೊಡಕ್ಕಾ, ಅವನ ಕೈಗೆ ಕೊಡು! ಲೋ ನಿಂಗಾ! ಅಲ್ಲೇನೋ ನಿನ್ನ ಕೆಲಸ?"

"ದಿನಾ ಹಿಂಗೇ ಮಾಡು ಅಂದ್ರಲ್ಲವ್ವ ಸಿಸ್ಟರು! ಆದ್ರೆ ಒಂದು ತೊಂದ್ರೆ ಆಗ್ಯದೆ. ಭಾವ ಇವತ್ತು ಬರೀ ಮುದ್ದೆ ತಿಂತಾವ್ರೆ. ಒಬ್ಬಟ್ಟು ಯಾಕೆ ಮಾಡ್ಲಿಲ್ಲ ಅಂದ್ರೆ, ಅದು ಮದುವೆ ದಿನಕ್ಕೆ ಅಂತಾರೆ. ನೀನೇನೂ ಯೋಚನೆ ಮಾಡ್ಬೇಡ ಕಣವ್ವ, ದಿನಾ ಒಂದೊಂದು ಮದುವೆ ಮಾಡ್ಕೊಳ್ಳಿ ಅಂತ ಭಾವಂಗೆ ಹೇಳ್ತಾ ಇದೀನಿ!"