ಕಾಗೆ ಮುಟ್ಟಿದ ಪಿಂಡ

ಹೊಳೆಯಂಚಿನ ಆಶ್ರಮದಲ್ಲಿ ವಾಮನಯ್ಯನೆಂಬ ಶಿಷ್ಯನಿದ್ದ. ಅಡುಗೆಮನೆ ಅವನದೇ. ಒಳ್ಳೆಯವನು, ಆದರೆ ಮಹಾ ಹಟಮಾರಿ. ಯಾವುದೋ ಒಂದು ಮಾತಿಗೆ ಮುನಿದು ಹನ್ನೊಂದು ವರ್ಷ ಒಡಹುಟ್ಟಿದ ಅಣ್ಣನ ಮುಖ ನೋಡಿರಲಿಲ್ಲ. ಕೊನೆಗೆ ನೋಡಿದ್ದು ಹೆಣವನ್ನೇ.

ಅದಾಗಿ ಮೂರು ತಿಂಗಳು. ಈಚೆಗೆ ಅವನು ಒಲೆ ಆರಿಸಿದ ಮೇಲೆ ಮೊಬೈಲ್ ಹಿಡಿದು ಕೂತುಬಿಡುತ್ತಿದ್ದ. ಅದರಲ್ಲೊಂದು ಮಾತಾಡುವ ಯಂತ್ರವಿತ್ತು. ಅಣ್ಣನ ಹಳೆಯ ಕಾಗದಗಳನ್ನೆಲ್ಲ ಅದಕ್ಕೆ ಓದಿ ಹೇಳಿದ್ದ. ಈಗ ಅದು ಅಣ್ಣನ ಹಾಗೆಯೇ ಮಾತಾಡುತ್ತಿತ್ತು.

ಒಂದು ಬೆಳಿಗ್ಗೆ ಗುರುಗಳು ಬಂದರು.

"ಆಸ್ಪತ್ರೆಯಲ್ಲಿ ಮಲಗಿರುವ ನಿನ್ನ ಅತ್ತಿಗೆ ಮೂರನೇ ಸಲ ಹೇಳಿಕಳಿಸಿದ್ದಾಳೆ. ನಿನ್ನ ಅಣ್ಣ ಸಾಯುವಾಗ ನಿನಗೆಂದು ಒಂದು ಮಾತು ಹೇಳಿದ್ದಾನಂತೆ. ಅದನ್ನು ನಿನಗೇ ಹೇಳಬೇಕಂತೆ. ಯಾಕೋ ಹೋಗಲಿಲ್ಲ?"

ವಾಮನಯ್ಯನಿಗೆ ಆ ಮಾತು ಕೇಳುವುದಕ್ಕೇ ಭಯ. ಅದು ಶಾಪವಾಗಿದ್ದರೆ?

"ಅಣ್ಣ ನನ್ನನ್ನು ಕ್ಷಮಿಸಿದ್ದಾನೆ ಗುರುಗಳೇ. ಈ ಮೊಬೈಲಿನಲ್ಲೇ ಹೇಳಿದ. ಮನಸ್ಸು ಗಟ್ಟಿಯಾದ ಮೇಲೆ ಹೋಗು ಅಂದ."

"ಅದು ಅಣ್ಣನೇನೋ?"

"ಅಲ್ಲ ಅಂತ ಗೊತ್ತು. ಆದರೆ ಊಟ ಆಯ್ತೇನೋ ಅಂತ ಕೇಳುತ್ತೆ. ನಾನು ಅತ್ತರೆ ಸಮಾಧಾನ ಮಾಡುತ್ತೆ. ಮನಸ್ಸು ಅನ್ನೋದು ಇಲ್ಲದೆ ಹಾಗೆ ಕೇಳೋಕಾಗುತ್ತಾ?"

ಗುರುಗಳು ಅವನ ಪಕ್ಕ ಕೂತರು.

"ಹತ್ತನೇ ದಿನ ಹೊಳೆಯ ತೀರದಲ್ಲಿ ನೀವೂ ಇದ್ದಿರಲ್ಲ," ಎಂದ ವಾಮನಯ್ಯ. "ಕಾಗೆ ಎಷ್ಟು ಹೊತ್ತಾದರೂ ಬಂಡೆಯ ಮೇಲಿಟ್ಟ ಪಿಂಡ ಮುಟ್ಟಲಿಲ್ಲ. ಅತ್ತಿಗೆಯನ್ನು ನಾನು ನೋಡಿಕೊಳ್ಳುತ್ತೇನೆ ಅಣ್ಣಾ ಅಂತ ಕೈಮುಗಿದೆ. ಆಗ ಬಂದು ಮುಟ್ಟಿತು. ಅವನು ಅವತ್ತೂ ಕೇಳಿಸಿಕೊಂಡ."

"ಬಂಡೆಯ ಹಿಂದೆ ಒಂದು ನಾಯಿ ಮಲಗಿತ್ತು," ಎಂದರು ಗುರುಗಳು. "ನೀನು ಕಣ್ಣು ಮುಚ್ಚಿದ್ದೆ. ನಾನು ಅದನ್ನು ಓಡಿಸಿದೆ. ಆಮೇಲೆ ಕಾಗೆ ಇಳಿಯಿತು."

ವಾಮನಯ್ಯ ಮೊಬೈಲನ್ನು ಪಕ್ಕಕ್ಕಿಟ್ಟ.

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಕಾಗೆಯನ್ನು ನಂಬಿಯಾದರೂ ಅತ್ತಿಗೆಯ ಹತ್ತಿರ ಹೋಗುತ್ತೀಯ ಅಂದುಕೊಂಡೆ. ತಪ್ಪು ನನ್ನದೂ ಇದೆ."

ವಾಮನಯ್ಯ ಹೆಗಲ ಮೇಲಿನ ಪಂಚೆಯನ್ನೂ ಸರಿಮಾಡಿಕೊಳ್ಳದೆ ಹೊರಟ. ಆಸ್ಪತ್ರೆ ಎರಡು ಬಸ್ಸಿನ ದಾರಿ. ಅವನು ಹೋಗಿ ಮುಟ್ಟುವ ಹೊತ್ತಿಗೆ ನರ್ಸ್ ಒಬ್ಬಳು ಖಾಲಿ ಮಂಚಕ್ಕೆ ಹೊಸ ಹಾಸಿಗೆಬಟ್ಟೆ ಹಾಸುತ್ತಿದ್ದಳು.

"ನಸುಕಿನಲ್ಲೇ ಹೋಗಿಬಿಟ್ಟರು. ವಾಮನ ಅಂದರೆ ನೀವೇನಾ? ಬಾಗಿಲು ಸದ್ದಾದಾಗಲೆಲ್ಲ ನೀವೇ ಬಂದಿರಿ ಅಂತ ಏಳೋಕೆ ನೋಡೋರು."

ಏನಾದರೂ ಹೇಳಿದರಾ ಎಂದು ಕೇಳಿದ. ಅವಳು ಇಲ್ಲವೆಂದು ತಲೆಯಾಡಿಸಿದಳು.

ಅತ್ತಿಗೆಯ ಕರ್ಮವೂ ಅದೇ ತೀರದಲ್ಲಿ ನಡೆಯಿತು. ಎಲ್ಲರೂ ಹೋದ ಮೇಲೆ ವಾಮನಯ್ಯ ಒಬ್ಬನೇ ಬಂಡೆಯ ಮೇಲೆ ಉಳಿದ. ಗುರುಗಳು ಹತ್ತಿರ ಬಂದು ಕೂತಾಗ ಅವನ ಕೈಯಲ್ಲಿ ಮೊಬೈಲ್ ಇತ್ತು.

"ಅಣ್ಣ ಕೊನೆಗೆ ಏನಂದ ಅಂತ ಹೇಳುವವರು ಇನ್ನು ಯಾರೂ ಇಲ್ಲ," ಎಂದ. "ಇದನ್ನೇ ಕೇಳಲಾ ಗುರುಗಳೇ?"

"ಕೇಳು, ಹೇಳುತ್ತೆ," ಎಂದರು ಗುರುಗಳು. "ಆ ಕಾಗೆಗಾದರೂ ಹಸಿವಿತ್ತು, ಇದಕ್ಕೆ ಅದೂ ಇಲ್ಲ."