ಮರುಬೀಸಿನ ದಿನ್ನಿ

ಊರಿನ ಮೂಡಣಕ್ಕೆ ಅರ್ಧ ಹರದಾರಿ ನಡೆದರೆ ಹಳ್ಳದ ದಂಡೆಯಲ್ಲಿ ಒಂದು ಬೂದುಬಣ್ಣದ ದಿನ್ನಿ ಸಿಗುತ್ತದೆ. ಅದರ ಮೇಲೆ ಜಾಲಿಯೂ ಚಿಗುರುವುದಿಲ್ಲ. ಕೈಯಿಟ್ಟರೆ ಸಿಗುವುದು ಮಣ್ಣಲ್ಲ, ಹಿಟ್ಟಿನಷ್ಟು ನುಣ್ಣಗಿನ ಕಲ್ಲುಪುಡಿ. ಪಕ್ಕದ ಹಾಸುಬಂಡೆಯ ತುಂಬ ಮೊಣಕೈ ಆಳದ ಕುಳಿಗಳಿವೆ. ಭೀಮ ಬೆರಳೂರಿದ ಗುರುತು ಎನ್ನುವವರಿದ್ದಾರೆ. ಪಾಪ, ಭೀಮನಿಗೆ ಬೇರೆ ಕೆಲಸವಿರಲಿಲ್ಲವೇನೋ, ಕಂಡ ಕಂಡ ಊರಿನ ಬಂಡೆಯಲ್ಲೆಲ್ಲ ಬೆರಳೂರಿದ್ದಾನೆ. ಊರ ಹಿರಿಯರು ಹೇಳುವುದೇ ಬೇರೆ. ದಿನ್ನಿಯ ನೆತ್ತಿಯಲ್ಲಿ ಅರ್ಧ ಹೂತ ಬೀಸುಕಲ್ಲೊಂದನ್ನು ತೋರಿಸಿ, ಇದು ಅಮರವ್ವನದು ಎನ್ನುತ್ತಾರೆ.

ಹಿಂದೆ ಒಮ್ಮೆ ಇಲ್ಲಿ ಚಿನ್ನ ತೆಗೆಯುವವರ ನಲವತ್ತು ಮನೆಗಳಿದ್ದವಂತೆ. ಗಂಡಸರು ಗುಡ್ಡದ ಬಿಲಕ್ಕಿಳಿದು, ಬೆಣಚುಕಲ್ಲಿಗೆ ಬೆಂಕಿಯೊಡ್ಡಿ, ಕಾದ ಮೇಲೆ ನೀರು ಸುರಿದು ಸಿಡಿಸಿ ಹೊತ್ತು ತರುತ್ತಿದ್ದರು. ಅದನ್ನು ಬಂಡೆಯ ಕುಳಿಗಳಲ್ಲಿ ಗುಂಡುಕಲ್ಲಿನಿಂದ ಜಜ್ಜಿ, ಅರೆದು, ಮರಿಗೆಯೆಂಬ ಅಗಲವಾದ ಮರದ ತಟ್ಟೆಯಲ್ಲಿ ನೀರು ಹಾಕಿ ತೂಗುವುದು ಹೆಂಗಸರ ಕೆಲಸ. ಹಗುರವಾದ ಮಳಲು ನೀರಿನೊಂದಿಗೆ ಪಕ್ಕದ ಗುಂಡಿಗೆ ಹರಿಯುತ್ತಿತ್ತು, ಭಾರದ ಚಿನ್ನ ತಳದಲ್ಲಿ ಉಳಿಯುತ್ತಿತ್ತು. ತೊಳೆದ ಮಳಲು ನೀರಿನ ತಾಯಿ ಗಂಗವ್ವನ ಎಂಜಲು. ಗುಂಡಿಯಿಂದ ಎತ್ತಿ ದಿನ್ನಿಗೆ ಸುರಿದ ಮೇಲೆ ಅದನ್ನು ಮತ್ತೆ ಕಲ್ಲಿಗೆ ತರಬಾರದೆಂಬುದು ಅವರ ಕಟ್ಟು.

ಆ ವರ್ಷ ಅಮರವ್ವನ ಗಂಡ ಗದ್ದೆಪ್ಪನಿಗೆ ಬಿಲದ ಆಳದಲ್ಲಿ ಹೊಸ ಪದರವೊಂದು ಸಿಕ್ಕಿತು. ಕಲ್ಲು ಮೊದಲಿನದಕ್ಕಿಂತ ಗಟ್ಟಿ, ಆದರೆ ಬರಿಗಣ್ಣಿಗೇ ಹಳದಿ ಎಳೆ ಕಾಣುತ್ತಿತ್ತು. ಹಿಗ್ಗಿನಲ್ಲಿ ಅವನು ಒಂದು ಚೂರನ್ನು ಕೋಟೆಯ ನಾಯಕನಿಗೇ ಒಯ್ದು ತೋರಿಸಿಬಿಟ್ಟ. ಒಂದು ತಿಂಗಳು ಜಜ್ಜಿ ತೊಳೆದರೂ ಮರಿಗೆಯ ತಳದಲ್ಲಿ ಉಳಿದದ್ದು ಅಷ್ಟಕ್ಕಷ್ಟೆ. ಕಲ್ಲಿನಲ್ಲಿ ಕಂಡದ್ದು ಮರಿಗೆಯಲ್ಲಿಲ್ಲವೆಂದರೆ ನಡುವೆ ಯಾರೋ ಕದ್ದಿರಬೇಕು. ನಾಯಕನ ಲೆಕ್ಕ ಅಷ್ಟೇ ಸರಳ. ಅವನ ಪಾರುಪತ್ಯಗಾರ ಆಳುಗಳೊಂದಿಗೆ ಬಂದು ಗದ್ದೆಪ್ಪನ ಮನೆಯ ನೆಲ ಅಗೆಸಿದ, ಗಡಿಗೆ ಒಡೆಸಿದ. ಏನೂ ಸಿಗದಾಗ ಅವನನ್ನು ಹಳ್ಳದ ಹುಣಸೆಮರಕ್ಕೆ ಕಟ್ಟಿಸಿ, ಹೊತ್ತು ಮುಳುಗುವುದರೊಳಗೆ ಬಚ್ಚಿಟ್ಟದ್ದನ್ನು ತಾರದಿದ್ದರೆ ಬಲಗೈ ಕಡಿಸುತ್ತೇನೆಂದ.

ಕದ್ದಿಲ್ಲವೆಂಬುದು ಅಮರವ್ವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಷ್ಟನ್ನೂ ತೊಳೆದವಳು ಅವಳೇ. ಮತ್ತೆ ಚಿನ್ನ ಹೋದದ್ದೆಲ್ಲಿಗೆ? ಆ ಕೈ ಇರುವಾಗಲೇ ಗಂಡ ಒಂದು ರೊಟ್ಟಿ ಮುರಿದು ತಿನ್ನಲೆಂದು, ಅಳುತ್ತಲೇ ಜೋಳ ಬೀಸಲು ಕೂತಳು. ಹಿಟ್ಟು ಜರಡಿ ಹಿಡಿದಳು. ಮೇಲುಳಿದ ನುಚ್ಚನ್ನು ದಿನದಂತೆ ಮತ್ತೆ ಕಲ್ಲಿನ ಬಾಯಿಗೆ ಸುರಿಯಹೋದವಳ ಕೈ ಅಲ್ಲೇ ನಿಂತಿತು. ನುಚ್ಚಿನೊಳಗೆ ಇನ್ನೂ ಹಿಟ್ಟಿದೆ. ಬಿಲದ ಗಟ್ಟಿ ಕಲ್ಲೂ ನುಚ್ಚಾಗಿತ್ತೇ ಹೊರತು ಹಿಟ್ಟಾಗಿರಲಿಲ್ಲ. ಚಿನ್ನವನ್ನು ಒಳಗೇ ಹಿಡಿದುಕೊಂಡು ನೀರಿನೊಂದಿಗೆ ಹೊರಟುಹೋಗಿತ್ತು.

ಅವಳು ದಿನ್ನಿಯಿಂದ ಒಂದು ಬುಟ್ಟಿ ಮಳಲು ತುಂಬಿಕೊಂಡಾಗ ಕುಲದ ಯಜಮಾನ ಸಾಬಣ್ಣ ಅಡ್ಡ ಬಂದ.

"ಅದು ಅವ್ವನ ಎಂಜಲು, ಅಮರವ್ವ. ನಮ್ಮ ಕಲ್ಲಿಗೆ ತರಬ್ಯಾಡ."

"ನಿಮ್ಮ ಕಲ್ಲು ಬ್ಯಾಡ್ರಿ ಯಜಮಾನ್ರ. ನನ್ನ ಮನಿ ಕಲ್ಲು ಐತಿ."

ತವರಿನಿಂದ ತಂದ ಬೀಸುಕಲ್ಲಿನ ಎರಡು ಹೋಳುಗಳನ್ನು ಅವಳು ಒಂದೊಂದಾಗಿ ದಿನ್ನಿಯ ಮೇಲಕ್ಕೆ ಹೊತ್ತಳು. ಕಲ್ಲು ಬೀಸಿದ ಕಲ್ಲಿನಲ್ಲಿ ಮತ್ತೆ ಕಾಳು ಬೀಸಲಾಗದೆಂದು ಅವಳಿಗೆ ಗೊತ್ತಿತ್ತು. ಮೊದಲ ಮರಿಗೆಯಲ್ಲಿ ಏನೂ ಬರಲಿಲ್ಲ. ಹುಣಸೆಯ ನೆರಳು ಹಳ್ಳ ದಾಟಿತು. ಕೆಳಗೆ ಒಬ್ಬ ಆಳು ಮರದ ಕೊರಡು ತಂದಿಟ್ಟ. ಅವಳು ಅದನ್ನು ನೋಡಿದಳು, ನೋಡದವಳಂತೆ ಇನ್ನೂ ಸಣ್ಣಗೆ ಬೀಸಿದಳು, ಸೆರಗಿನಲ್ಲಿ ಸೋಸಿದಳು. ಅಂಗೈ ಕಿತ್ತು ಬೀಸುಕಲ್ಲಿನ ಗೂಟಕ್ಕೆ ರಕ್ತ ಹತ್ತಿತು. ಗದ್ದೆಪ್ಪನ ಬಲಗೈಯನ್ನು ಕೊರಡಿನ ಮೇಲೆ ಒತ್ತಿ ಹಿಡಿಯುವ ಹೊತ್ತಿಗೆ ಮರಿಗೆಯ ತಳದಲ್ಲಿ ಅರಿಸಿನ ಎಳೆದಂಥ ಒಂದು ಗೆರೆ ನಿಂತಿತು.

ಅವಳು ಮರಿಗೆ ಹಿಡಿದು ಓಡಿ ಬಂದು ಮುಂದಿಟ್ಟಾಗ, ಎಲ್ಲಿ ಬಚ್ಚಿಟ್ಟಿದ್ದೆ ಎಂದು ಪಾರುಪತ್ಯಗಾರ ಕೇಳಿದ.

"ಕಲ್ಲೇ ಹೊಟ್ಟ್ಯಾಗ ಇಟ್ಕೊಂಡಿತ್ರಿ, ನನ್ನ ಗಂಡ ಅಲ್ಲ. ನಿಮ್ಮ ಆಳಿನ ಕೈಲೆ ಬೀಸಿಸಿ ನೋಡ್ರಿ."

ಆಳು ಬೀಸಿದ, ಅವಳು ತೊಳೆದಳು, ಮತ್ತೆ ಗೆರೆ ಬಂತು. ಗದ್ದೆಪ್ಪನ ಕಟ್ಟು ಬಿಚ್ಚಿದರು.

ಆದರೂ ಕುಲದ ಕಟ್ಟು ಕಟ್ಟೇ. ಎಂಜಲು ಬೀಸಿದವಳಿಗೆ ಯಾರೂ ತಮ್ಮ ಮನೆಯ ಬೀಸುಕಲ್ಲು ಕೊಡಕೂಡದೆಂದು ಸಾಬಣ್ಣ ಮರುದಿನವೇ ಸಾರಿದ. ಹಿಟ್ಟು ಕೊಡಕೂಡದೆಂದು ಮಾತ್ರ ಸಾರಲಿಲ್ಲ. ಅಂದು ಅಮರವ್ವನ ಹೊಸ್ತಿಲಿಗೆ ಬಂದ ಮೊದಲ ಹಿಡಿ ಹಿಟ್ಟು ಅವನ ಮನೆಯದು. ಅವಳು ಬದುಕಿರುವವರೆಗೂ ನಲವತ್ತು ಮನೆಯ ಹಿಟ್ಟು ತಪ್ಪಲಿಲ್ಲ ಎನ್ನುತ್ತಾರೆ.

ಈಗ ಆ ಮನೆಗಳಿಲ್ಲ, ಬಿಲಗಳಲ್ಲಿ ಬಾವಲಿಗಳಿವೆ. ದಿನ್ನಿಯ ಮೇಲಿನ ಕಲ್ಲಿನ ಬಾಯಲ್ಲಿ ಮಾತ್ರ ನೋಡಲು ಹೋದವರಿಗೆ ಬೆಳ್ಳಗಿನ ಪುಡಿ ಕಾಣುತ್ತದೆ. ಕಲ್ಲುಪುಡಿಯೆಂದುಕೊಂಡು ಮುಟ್ಟಿದರೆ ಒಮ್ಮೊಮ್ಮೆ ಇನ್ನೂ ಬೆಚ್ಚಗಿರುತ್ತದೆ. ಗಿರಣಿಯಿಂದ ಮರಳುವ ಹೆಂಗಸರು ಡಬ್ಬಿ ಇಳಿಸಿ ಹಾಕಿಹೋದ ಜೋಳದ ಹಿಟ್ಟು ಅದು.