ಎರಡು ಕೂಗಿನ ನಡುವೆ

“ಗುರುಗಳೇ, ನಾನೂ ಹೆಂಡತಿಯೂ ಬೇರೆಯಾಗಿದ್ದೇವೆ. ಮಗಳಿಗೆ ಹದಿನಾಲ್ಕು ವರ್ಷ. ಅವಳು ಯಾರ ಮನೆಯಲ್ಲಿ ಬೆಳೆಯಬೇಕು?” ಎಂದು ದೂರದ ಊರಿನಿಂದ ಬಂದ ಶಿಷ್ಯನೊಬ್ಬ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಬ್ಬ ಕುರಿಗಾಹಿ ಇದ್ದ. ಅವನ ಗಂಟಲು ಅಂತಿಂಥ ಗಂಟಲಲ್ಲ. ಅವನು ಒಮ್ಮೆ ಕೂಗಿದರೆ ಮೂರು ಗುಡ್ಡದಾಚೆ ಮೇಯುವ ಕುರಿ ಬಾಯಲ್ಲಿದ್ದ ಹುಲ್ಲನ್ನು ಉಗುಳಿ ಓಡಿಬರುತ್ತಿತ್ತು. ಹೆಂಡತಿ ಉಣ್ಣೆ ನೂಲುವವಳು. ಅವಳ ಗಂಟಲೂ ಕಡಿಮೆಯದಲ್ಲ. ಇಬ್ಬರೂ ಜಗಳಕ್ಕೆ ನಿಂತರೆ ಊರಿನ ಹೆಂಚುಗಳು ಅದುರುತ್ತಿದ್ದವು. ಕಡೆಗೊಂದು ದಿನ ಅವಳು ರಾಟೆ ಎತ್ತಿಕೊಂಡು ಹೋಗಿ ಕೆರೆಯಾಚೆ ಬೇರೆ ಮನೆ ಮಾಡಿದಳು.

ಅವರಿಗೆ ಹದಿಮೂರು ದಾಟಿದ ಮಗಳಿದ್ದಳು. ಮಗಳು ನನಗೆ ಬೇಕೆಂದ ಅಪ್ಪ. ನನಗೆ ಬೇಕೆಂದಳು ಅವ್ವ. ಊರ ಹಿರಿಯರು ಸೇರಿದರು.

ಆ ಸೀಮೆಯಲ್ಲಿ ಒಂದು ಪದ್ಧತಿ. ಎರಡು ಹಿಂಡು ಬೆರೆತು, ಕುರಿ ಯಾರದೆಂದು ವ್ಯಾಜ್ಯವಾದರೆ, ಅದನ್ನು ಬಯಲಿನ ನಡುವೆ ಬಿಡುವರು. ಇಬ್ಬರೂ ಆಚೀಚೆ ನಿಂತು ಕೂಗುವರು. ಯಾರ ಕೂಗಿಗೆ ಹೋಗುವುದೋ ಅವರದು. ಹಿರಿಯರಿಗೆ ತಿಳಿದ ನ್ಯಾಯ ಅದೊಂದೇ. ಹುಡುಗಿಯನ್ನೂ ಬಯಲಿನ ನಡುವೆ ನಿಲ್ಲಿಸಿದರು.

ಅಪ್ಪ ಮೂಡಲಿನಿಂದ ಕೂಗಿದ, ಅವ್ವ ಪಡುವಲಿನಿಂದ. ಎರಡೂ ಅವಳು ತೊಟ್ಟಿಲಿನಿಂದ ಕೇಳಿದ ದನಿ. ಒಂದು ಹೆಜ್ಜೆ ಇಟ್ಟರೆ ಒಬ್ಬರನ್ನು ಕಳೆದುಕೊಂಡಂತೆಯೇ ಎಂದು ಅವಳಿಗೆ ಹೊಳೆಯಿತು. ಅವಳು ಕಾಲು ಕೀಳಲಿಲ್ಲ. ಹೊತ್ತು ವಾಲಿತು. ಎರಡು ಆಡು ಬಂದು ಅವಳ ನೆರಳಿನಲ್ಲಿ ಮಲಗಿ, ಮೆಲುಕು ಹಾಕಿ, ಎದ್ದು ಹೋದವು. ಕಾಗೆಯೊಂದು ಕಂಬವೆಂದು ತಿಳಿದು ಅವಳ ತಲೆಯ ಮೇಲೆ ಕೂತಿತು. ಕೂಗಿ ಕೂಗಿ ಅಪ್ಪ ಅವ್ವನ ಆ ಗಂಟಲುಗಳೇ ಕಟ್ಟಿಹೋದವು ಎಂದರೆ ಎಷ್ಟು ಹೊತ್ತಾಗಿರಬೇಕು, ನೀನೇ ಲೆಕ್ಕ ಹಾಕು.

ಹಿರಿಯನೊಬ್ಬ ರೇಗಿದ. “ಏನವ್ವ, ಕುರಿಗಿರುವಷ್ಟು ಬುದ್ಧಿಯೂ ನಿನಗಿಲ್ಲವೇ?”

“ಕುರಿಗೆ ಒಡೆಯ ಒಬ್ಬನೇ, ಅಜ್ಜ. ನನಗೆ ಅಪ್ಪನೂ ಇದ್ದಾನೆ, ಅವ್ವನೂ ಇದ್ದಾಳೆ. ಯಾರ ಕಡೆ ನಡೆದರೂ ಇನ್ನೊಬ್ಬರಿಗೆ ಬೆನ್ನು ಮಾಡಬೇಕು. ಯಾರು ಬೇಕು ಎಂದು ಕೇಳಬೇಡಿ. ಇಬ್ಬರ ಜೊತೆ ಹೇಗಿರುತ್ತೀ ಎಂದು ಕೇಳಿ.”

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಅಲ್ಲಿಯವರೆಗೆ ಅದನ್ನು ಯಾರೂ ಕೇಳಿರಲಿಲ್ಲ. ಈಗ ಕೇಳಿದರು.

ಅವಳಲ್ಲಿ ಉತ್ತರ ಸಿದ್ಧವಿತ್ತು. ದೀಪಾವಳಿ ಕಳೆದ ಮೇಲೆ ಹಿಂಡು ದೂರದ ಸೀಮೆಗೆ ಹೊರಡುತ್ತದೆ. ಆಗ ಅವ್ವನ ಬಳಿ ಇದ್ದು ನೂಲುವುದನ್ನು ಕಲಿಯುವೆ. ಮುಂಗಾರಿಗೆ ಹಿಂಡು ಮರಳುತ್ತದೆ. ಆಗ ಅಪ್ಪನ ಮನೆಯಲ್ಲಿರುವೆ. ಹಿಂಡು ದೂರವಿರುವಾಗ ಕುರಿಗಳು ಮರಿ ಹಾಕುವ ಒಂದು ತಿಂಗಳು ಮಾತ್ರ ಅದರ ಜೊತೆಗೇ ಹೋಗುವೆ.

“ಮಿಕ್ಕ ತಿಂಗಳು ದಾರಿಯಲ್ಲಿ ನನಗೆ ರೊಟ್ಟಿ ಬಡಿಯುವವರು ಯಾರು?” ಎಂದ ಅಪ್ಪ.

“ಬೆಳಗಿನಿಂದ ನೀನು ಕೂಗಿದ್ದು ಮಗಳನ್ನೋ, ರೊಟ್ಟಿಯನ್ನೋ?” ಎಂದಳು ಹುಡುಗಿ.

ನೆರೆದವರು ನಕ್ಕರು. ಅಪ್ಪನೂ ನಕ್ಕ, ಕೊಂಚ ತಡವಾಗಿ.

ಹಿರಿಯರು ಅವಳು ಕೇಳಿದ್ದನ್ನೆಲ್ಲ ಕೊಡಲಿಲ್ಲ. ಹಿಂಡಿನ ಜೊತೆ ದೂರ ಹೋಗಲು ಇನ್ನೆರಡು ವರ್ಷ ತಾಳು ಎಂದರು. ಉಳಿದದ್ದಕ್ಕೆ ಒಪ್ಪಿದರು. ಹುಡುಗಿ ತಲೆಯಾಡಿಸಿದಳು. ಆಮೇಲೆ ಕೆರೆಗಿಳಿದು ಹೊಟ್ಟೆ ತುಂಬ ನೀರು ಕುಡಿದಳು.

ಗುರುಗಳು ಕತೆ ಮುಗಿಸಿದರು.

“ಕತೆ ಚೆನ್ನಾಗಿದೆ ಗುರುಗಳೇ. ಆದರೆ ನನ್ನ ಮಗಳ ವಿಷಯದಲ್ಲಿ ನಿಮ್ಮ ತೀರ್ಪೇನು?” ಎಂದ ಶಿಷ್ಯ.

“ನನ್ನನ್ನು ಕೇಳಲು ಮೂರು ದಿನ ನಡೆದು ಬಂದೆಯಲ್ಲ, ನಿನ್ನ ಮಗಳನ್ನು ಕೇಳಲು ಎಷ್ಟು ದಿನದ ದಾರಿ?”